ಮೂಕಿ ಸಿನಿಮಾದ ಮುಂದೆ ಮದ್ದಳೆ: ಇದೇನು, ಹೇಗೆ, ಯಾಕೆ?

ನಮ್ಮ ಓಣಿಯ ಹುಡುಗರು ಈ ಸಲ ಹಬ್ಬಕ್ಕೆ ಆರ್ಕೆಸ್ಟ್ರಾ ಬೇಡ ಅಂತ ತೀರ್ಮಾನ ಮಾಡಿದ್ದಾರೆ. ಅದರ ಬದಲು ನೂರು ವರ್ಷ ಹಳೆಯ, ಮಾತೇ ಇಲ್ಲದ ಒಂದು ಸಿನಿಮಾ ಹಾಕುತ್ತಾರೆ, ತಯಾರಿಯಲ್ಲಿ ನಾನೂ ಇದ್ದೇನೆ. ಪರದೆಯ ಪಕ್ಕದಲ್ಲಿ ನಮ್ಮ ಕೊಪ್ಪಳ ಸೀಮೆಯ ಕಲಾವಿದರು ಕೂತು, ಚಿತ್ರ ನೋಡ್ತಾ ನೋಡ್ತಾ ಅದಕ್ಕೆ ಅಲ್ಲೇ ಬಾರಿಸುತ್ತಾರೆ.

ಸುದ್ದಿ ವಾಟ್ಸಾಪ್ ಗುಂಪಿಗೆ ಬಿದ್ದಿದ್ದೇ ತಡ, ಪ್ರಶ್ನೆ ಶುರುವಾದವು. ಸೌಂಡ್ ಕೆಟ್ಟಿರೋ ಸಿನಿಮಾ ಯಾಕೆ ತಂದಿರಿ? ಯೂಟ್ಯೂಬ್‌ನಲ್ಲಿ ಮ್ಯೂಸಿಕ್ ಸಮೇತ ಸಿಗುತ್ತಲ್ಲ, ಕಲಾವಿದರಿಗೆ ದುಡ್ಡು ಯಾಕೆ ಕೊಡಬೇಕು? ಒಬ್ಬರಂತೂ ಪರದೆಯ ಮುಂದೆ ಹೆಣ್ಣುಮಗಳೊಬ್ಬಳು ಉಸಿರು ಎಳೆದೆಳೆದು ಗಂಟಲಲ್ಲೇ ಹಾಡುವ ವಿದೇಶದ ವಿಡಿಯೋ ಹಾಕಿ, 'ಇದೇನು ಮೈಮೇಲೆ ದೇವರು ಬಂದಿದ್ದಾ' ಅಂತ ಕೇಳಿದರು. (ಆ ಹೆಣ್ಣುಮಗಳ ಕಥೆಗೆ ಆಮೇಲೆ ಬರುತ್ತೇನೆ.) ಪಕ್ಕದ ಮನೆಯ ಅಜ್ಜಿ ಮಾತ್ರ ಒಂದೇ ಮಾತು ಕೇಳಿದರು: 'ಅಂದ್ರ ತೊಗಲುಗೊಂಬಿ ಇದ್ದಂಗೇನಪ್ಪಾ?'

ಅಜ್ಜಿ ಹೇಳಿದ್ದೇ ಹೆಚ್ಚು ಕಡಿಮೆ ಸರಿ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಗೊಂಬೆ ಆಟ

ತೊಗಲುಗೊಂಬೆ ಆಟದಲ್ಲಿ ಏನಿರುತ್ತದೆ? ಒಂದು ಬಿಳಿ ಪರದೆ. ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಹದ ಮಾಡಿ ಬಣ್ಣ ಹಾಕಿದ ತೊಗಲಿನ ಗೊಂಬೆ. ಕತ್ತಲಲ್ಲಿ ಕೂತವರಿಗೆ ಕಾಣುವುದು ಬೆಳಕಿನ ಚಿತ್ರ. ಗೊಂಬೆಗೆ ಬಾಯಿ ಇಲ್ಲ. ಅದಕ್ಕೆ ಮಾತು, ಹಾಡು, ಅಳು, ಕುದುರೆ ಓಟದ ಸದ್ದು ಎಲ್ಲ ಕೊಡುವವರು ಹಾಡುವವರು ಮತ್ತು ಹಾರ್ಮೋನಿಯಂ, ಮದ್ದಳೆ, ತಾಳದ ಹಿಮ್ಮೇಳದವರು. 2025ರಲ್ಲಿ ಪದ್ಮಶ್ರೀ ಬಂದ ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಇಡೀ ಬದುಕು ಮಾಡಿದ್ದು ಇದೇ ಕೆಲಸ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಗಾಂಧೀಜಿಯ ಕಥೆಯನ್ನೂ ಈ ಪರದೆಗೆ ತಂದವರು.

ಈಗ ಗೊಂಬೆ ತೆಗೆದು ಅಲ್ಲಿ ಸಿನಿಮಾ ರೀಲು ಇಡಿ. ಬಿಳಿ ಪರದೆ ಇದೆ, ಹಿಂದಿನ ದೀಪ ಜನರ ಬೆನ್ನ ಹಿಂದೆ ಹೋಗಿ ಪ್ರೊಜೆಕ್ಟರ್ ಆಯಿತು, ಚಿತ್ರಕ್ಕೆ ಬಾಯಿ ಇಲ್ಲ, ಬಾಯಿ ಕೊಡೋಕೆ ಹಿಮ್ಮೇಳ ಬೇಕು. ಇಷ್ಟೇ ಸಂಗತಿ. ಉಳಿದಿದ್ದೆಲ್ಲ ವಿವರ, ಆದರೆ ಮಜಾ ಇರುವುದು ಆ ವಿವರದಲ್ಲೇ.

ಮೂಕಿ ಅಂದರೆ ಸದ್ದಿಲ್ಲ ಅಂತಲ್ಲ

ಫ್ರಾನ್ಸಿನ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಚಲಿಸುವ ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ಕ್ಕೆ. ಏಳು ತಿಂಗಳೂ ಕಳೆದಿರಲಿಲ್ಲ, 1896ರ ಜುಲೈ 7ಕ್ಕೆ ಅವರ ಚಿತ್ರಗಳು ಬೊಂಬಾಯಿಯ ವಾಟ್ಸನ್ ಹೋಟೆಲಿಗೆ ಬಂದವು. ನಮ್ಮ ದೇಶದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ಅನ್ನಿಸಿಕೊಂಡ ದಾದಾಸಾಹೇಬ್ ಫಾಲ್ಕೆ ಅವರ 'ರಾಜಾ ಹರಿಶ್ಚಂದ್ರ' ತೆರೆ ಕಂಡಿದ್ದು 1913ರ ಮೇ 3ಕ್ಕೆ. ನಮ್ಮ ದೇಶದ ಮೊದಲ ಮಾತಿನ ಚಿತ್ರ 'ಆಲಂ ಆರಾ' 1931ರ ಮಾರ್ಚ್‌ನಲ್ಲಿ, ಕನ್ನಡದ 'ಸತಿ ಸುಲೋಚನ' 1934ರ ಮಾರ್ಚ್‌ನಲ್ಲಿ. ಅಂದರೆ ನಮ್ಮ ದೇಶದಲ್ಲಿ ಸಿನಿಮಾ ಅನ್ನೋದು ಹೆಚ್ಚು ಕಡಿಮೆ ಮೂವತ್ತೈದು ವರ್ಷ ಮಾತಿಲ್ಲದೆಯೇ ಬದುಕಿತ್ತು.

ಈ ಮಾತಿಲ್ಲದ ಚಿತ್ರವನ್ನೇ ಮೂಕಿ ಅನ್ನುತ್ತಾರೆ. ಆ ರೀಲಿನಲ್ಲಿ ಸದ್ದು ಕೆಟ್ಟಿಲ್ಲ. ಸದ್ದು ಹಿಡಿದಿಡುವ ಜಾಗವೇ ಇರಲಿಲ್ಲ. ಪಾತ್ರ ಏನಂದಿತು ಅಂತ ತಿಳಿಸೋಕೆ ನಡುನಡುವೆ ಅಕ್ಷರದ ಫಲಕ ಬರುತ್ತಿತ್ತು. ಓದು ಬಾರದವರು ತುಂಬಿದ್ದ ಕಾಲ, ಹಾಗಾಗಿ ಓದು ಬಂದವರು ಪಕ್ಕದವರಿಗೆ ಜೋರಾಗಿ ಓದಿ ಹೇಳುತ್ತಿದ್ದರು, ಕೆಲವು ಕಡೆ ಕಥೆ ವಿವರಿಸೋಕೆ ಅಂತಲೇ ಒಬ್ಬರು ನಿಂತಿರುತ್ತಿದ್ದರು. ಜಪಾನಿನಲ್ಲಂತೂ ಇದು ದೊಡ್ಡ ವೃತ್ತಿ. ಆ ಕಥೆಗಾರರಿಗೆ ಬೆನ್ಶಿ ಅಂತ ಹೆಸರು. ಪರದೆಯ ಪಕ್ಕ ನಿಂತು ಎಲ್ಲ ಪಾತ್ರಕ್ಕೂ ಒಬ್ಬರೇ ದನಿ ಕೊಡುತ್ತಿದ್ದರು. ನಟ ಯಾರು ಅಂತ ನೋಡಿ ಬರುವವರ ಹಾಗೆ, ಬೆನ್ಶಿ ಯಾರು ಅಂತ ನೋಡಿ ಬರುವ ಜನವೂ ಇದ್ದರು. ನಮ್ಮ ಬಯಲಾಟಕ್ಕೆ ಭಾಗವತ ಯಾರು ಅಂತ ಕೇಳಿ ಹೋಗೋದಿಲ್ವಾ, ಹಾಗೆ.

ಮತ್ತೆ ಬಾಜಾ ಇದ್ದೇ ಇತ್ತು. ಯುರೋಪ್, ಅಮೆರಿಕದ ಸಣ್ಣ ಊರಲ್ಲಿ ಒಂದು ಪಿಯಾನೋ, ದೊಡ್ಡ ಥಿಯೇಟರಿನಲ್ಲಿ ಪೂರ್ತಿ ವಾದ್ಯಗೋಷ್ಠಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾರ್ಮೋನಿಯಂ, ತಬಲಾ.

ಇನ್ನೊಂದು ಸಂಗತಿ, ನಮ್ಮ ಸೀಮೆಗೆ ಇದು ಮುಖ್ಯ. ಆಗ ಬಳ್ಳಾರಿ ಇದ್ದಿದ್ದು ಮದ್ರಾಸ್ ಪ್ರಾಂತ್ಯದಲ್ಲಿ, ರಾಯಚೂರು-ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿ. ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕಲೆಯುವ ಊರುಗಳು. ಮಾತೇ ಇಲ್ಲದ ಚಿತ್ರಕ್ಕೆ ಭಾಷೆಯ ತಕರಾರಿಲ್ಲ. ಫಲಕ ಓದುವವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಸಿನಿಮಾದ ಭಾಷೆ.

ಬಾಜಾ ಯಾಕೆ ಬೇಕಿತ್ತು?

ಮೂರು ಕಾರಣ ಹೇಳುತ್ತಾರೆ. ಒಂದು, ಪ್ರೊಜೆಕ್ಟರಿನ ಕಟಕಟ ಸದ್ದು ಮುಚ್ಚೋಕೆ. ಎರಡು, ಕತ್ತಲಲ್ಲಿ ನೂರಾರು ಜನ ಸದ್ದಿಲ್ಲದೆ ಕೂತರೆ ಒಂಥರಾ ಅನ್ನಿಸುತ್ತೆ, ಕೆಮ್ಮು, ಬೆಂಚು ಕಿರುಗುಟ್ಟೋದು, ಕೂಸು ಅಳೋದು, ಎಲ್ಲ ಕಿವಿಗೆ ಬೀಳುತ್ತೆ. ಈ ಎರಡೂ ಸಣ್ಣ ಕಾರಣ.

ಮೂರನೆಯದೇ ದೊಡ್ಡದು. ಚಿತ್ರ ಏನಾಯಿತು ಅಂತ ಹೇಳುತ್ತದೆ, ಅದನ್ನ ಹೇಗೆ ತಗೋಬೇಕು ಅಂತ ಹೇಳುವುದು ಬಾಜಾ. ಒಬ್ಬ ಗಂಡಸು ಬಾಗಿಲು ತೆಗೆದು ಒಳಗೆ ಬರುತ್ತಾನೆ ಅಂದುಕೊಳ್ಳಿ. ಶಹನಾಯಿ ಊದಿದರೆ ಮದುವೆ ಗಂಡು. ಮದ್ದಳೆ ಮೆಲ್ಲಗೆ ಗುಮ್ ಅಂದರೆ ಕಳ್ಳ. ಏಕತಾರಿಯ ಒಂದೇ ತಂತಿ ಮಿಡಿದರೆ ಯಾರೋ ಸತ್ತ ಸುದ್ದಿ ತಂದಿದ್ದಾನೆ. ಚಿತ್ರ ಒಂದೇ, ಬಾಗಿಲೂ ಅದೇ. ನಂಬಿಕೆ ಬರದಿದ್ದರೆ ಟಿವಿಯಲ್ಲಿ ಯಾವುದಾದರೂ ಧಾರಾವಾಹಿ ಹಾಕಿ, ಸೌಂಡ್ ಬಂದ್ ಮಾಡಿ, ಮೊಬೈಲಿನಲ್ಲಿ ಭಜನೆ ಹಚ್ಚಿ ನೋಡಿ. ಅತ್ತೆ ಬೈಯುತ್ತಿರುವುದೂ ಆಶೀರ್ವಾದ ಮಾಡಿದ ಹಾಗೆ ಕಾಣುತ್ತದೆ.

ಹಳೇ ಸಿನಿಮಾದಲ್ಲಿ ಜನ ಯಾಕೆ ಪುಟಪುಟ ಓಡುತ್ತಾರೆ?

ಇದನ್ನ ತಿಳಿಯದಿದ್ದರೆ ಬಾಜಾದವರ ಕಷ್ಟ ಅರ್ಥ ಆಗಲ್ಲ, ಅದಕ್ಕೆ ಸ್ವಲ್ಪ ಲೆಕ್ಕ.

ಸಿನಿಮಾ ಅಂದರೆ ಒಂದರ ಹಿಂದೆ ಒಂದು ಸಾಲಾಗಿರುವ ಫೋಟೋಗಳು. ಒಂದೊಂದು ಫೋಟೋಗೆ ಫ್ರೇಮ್ ಅಂತ ಹೆಸರು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್ ಇರುತ್ತವೆ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನ ಕೈಯಿಂದ, ಒರಳುಕಲ್ಲು ತಿರುಗಿಸಿದ ಹಾಗೆ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮ್ ಓಡುತ್ತಿತ್ತು, ಅದೂ ತಿರುಗಿಸುವವರ ಕೈ ಮೇಲೆ. ಮಾತು ಬಂದ ಮೇಲೆ 24ಕ್ಕೆ ಗಟ್ಟಿಯಾಯಿತು, ಯಾಕಂದರೆ ವೇಗ ಏರುಪೇರಾದರೆ ದನಿ ಕೀರಲಾಗುತ್ತೆ ಇಲ್ಲಾ ಗೊಗ್ಗರಾಗುತ್ತೆ. ಸಾವಿರ ಅಡಿಯ ಒಂದು ರೀಲಿನಲ್ಲಿ 16,000 ಫ್ರೇಮ್. ಸೆಕೆಂಡಿಗೆ 16ರಂತೆ ಓಡಿಸಿದರೆ ಹದಿನಾರೂವರೆ ನಿಮಿಷ. ಅದೇ ರೀಲನ್ನ 24ರಂತೆ ಓಡಿಸಿದರೆ ಹನ್ನೊಂದೇ ನಿಮಿಷ. ಹದಿನಾರು ನಿಮಿಷದ ನಡಿಗೆಯನ್ನ ಹನ್ನೊಂದರಲ್ಲಿ ಮುಗಿಸಬೇಕು ಅಂದರೆ ಪಾಪ ಓಡದೆ ಇನ್ನೇನು ಮಾಡ್ತಾರೆ. ಆಗಿನ ಜನ ಹಾಗೆ ನಡೆಯುತ್ತಿರಲಿಲ್ಲ. ನಮ್ಮ ಯಂತ್ರ ಅವರನ್ನ ಓಡಿಸುತ್ತಿದೆ.

ಇದೇ ಲೆಕ್ಕದಲ್ಲಿ ಒಂದು ತಮಾಷೆ. 'ರಾಜಾ ಹರಿಶ್ಚಂದ್ರ'ಕ್ಕೆ ಪ್ರಚಾರ ಮಾಡುವಾಗ 57,000 ಫೋಟೋ, ಎರಡು ಮೈಲಿ ಉದ್ದದ ಚಿತ್ರ, ಬರೀ ಮೂರು ಆಣೆ ಅಂತ ಹೇಳಿದ್ದರಂತೆ. ಹದಿನಾರರಿಂದ ಭಾಗಿಸಿ. ಮೂರೂವರೆ ಸಾವಿರ ಅಡಿ ಚಿಲ್ಲರೆ ಆಗುತ್ತೆ, ಒಂದು ಮೈಲಿಯೂ ಆಗಲ್ಲ. ಜಾಹೀರಾತು ಅಂದಿನಿಂದಲೂ ಜಾಹೀರಾತೇ.

ಸಿನಿಮಾ ಕಾಯಲ್ಲ

ಈಗ ಬಾಜಾದವರ ಕೆಲಸಕ್ಕೆ ಬರೋಣ. ಗೊಂಬೆ ಆಟಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಗೊಂಬೆ ಆಡಿಸುವವರೂ ಹಾಡುವವರೂ ಒಂದೇ ಮನೆಯವರು, ಒಬ್ಬರಿಗೊಬ್ಬರು ಕಾಯುತ್ತಾರೆ. ಪದ ಉದ್ದ ಆದರೆ ಗೊಂಬೆ ಇನ್ನೊಂದು ಸುತ್ತು ಕುಣಿಯುತ್ತದೆ. ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಅಂದರೆ ಸಾಯುತ್ತಿದ್ದ ರಾಜನೂ ಎದ್ದು ಇನ್ನೊಮ್ಮೆ ಹಾಡುತ್ತಾನೆ. ಬಯಲಾಟ ಬೆಳತನಕ ನಡೆಯುತ್ತೆ. ಆದರೆ ಸಿನಿಮಾ ಯಾರಿಗೂ ಕಾಯಲ್ಲ. ನಿಮ್ಮ ಆಲಾಪ ಅರ್ಧಕ್ಕೆ ಬಂದಿರುತ್ತೆ, ಅಷ್ಟರಲ್ಲಿ ನಾಯಕಿ ಅಳು ನಿಲ್ಲಿಸಿ ನಗುತ್ತಿರುತ್ತಾಳೆ.

ಇದು ಹಬ್ಬದ ಆಟಕ್ಕೆ ನಾವು ಮಾಡಿದ ಮೊದಲ ತಾಲೀಮಿನಲ್ಲೇ ಗೊತ್ತಾಯಿತು. ಫಾಲ್ಕೆ ಅವರ 1919ರ 'ಕಾಳೀಯ ಮರ್ದನ' ಆರಿಸಿದ್ದೆವು. ಮುಕ್ಕಾಲು ಗಂಟೆಯಷ್ಟು ಉಳಿದಿರುವ ಚಿತ್ರ, ಕಥೆ ಎಲ್ಲರಿಗೂ ಗೊತ್ತು. ಕೃಷ್ಣನ ಪಾತ್ರ ಮಾಡಿದ್ದು ಫಾಲ್ಕೆ ಅವರ ಏಳು ವರ್ಷದ ಮಗಳು ಮಂದಾಕಿನಿ. ಚಿತ್ರದ ಮೊದಲಲ್ಲೇ ಆ ಹುಡುಗಿ ಸುಮ್ನೆ ಕ್ಯಾಮೆರಾ ನೋಡಿ ಒಂದೊಂದೇ ಮುಖಭಾವ ತೋರಿಸುತ್ತಾಳೆ, ಆಮೇಲೆ ಅದೇ ಮುಖ ಕೃಷ್ಣನ ವೇಷಕ್ಕೆ ಬದಲಾಗುತ್ತದೆ. ಎಷ್ಟು ಚೆಂದ ಅಂತೀರಿ. ನಮ್ಮ ಮದ್ದಳೆಯ ಕಾಕಾ ಅದಕ್ಕೇ ಮನಸೋತು, ಗಣಪತಿ ಸ್ತುತಿಯಿಂದ ಶುರು ಮಾಡಿದರು. ಆಟ ಅಂದಮೇಲೆ ಗಣಪತಿ ಸ್ತುತಿ ಇಲ್ಲದೆ ಹೇಗೆ? ಸ್ತುತಿ ಮುಗಿಯುವಷ್ಟರಲ್ಲಿ ಚಿತ್ರ ಬಹಳ ಮುಂದೆ ಹೋಗಿತ್ತು. ಹಾಳು ಲ್ಯಾಪ್‌ಟಾಪ್ ನಡುವೆ ಎರಡು ಸಲ ನಿಂತಿತು, ಆಗ ಮಾತ್ರ ಹಿಮ್ಮೇಳಕ್ಕೂ ಕೃಷ್ಣನಿಗೂ ಭೇಟಿ ಆಯಿತು.

ಹಾಗಾದರೆ ಹೇಗೆ ಮಾಡುತ್ತಾರೆ? ಹಳೆಯ ಕಾಲದಲ್ಲಿ ಮೂರು ದಾರಿ ಇದ್ದವು. ದೊಡ್ಡ ಚಿತ್ರಕ್ಕೆ ಅಂತಲೇ ಪೂರ್ತಿ ಸಂಗೀತ ಬರೆಸುವುದು. ಅದು ಆಗದಿದ್ದರೆ ಕ್ಯೂ ಶೀಟ್ ಕಳಿಸುವುದು. ಕ್ಯೂ ಶೀಟ್ ಅಂದರೆ ಒಂದು ಚೀಟಿ: ಈ ಫಲಕ ಬಂದಾಗ ಇಂಥ ಧಾಟಿ, ಇಷ್ಟು ನಿಮಿಷ, ಆಮೇಲೆ ಇಂಥದ್ದು. ಮೂರನೆಯದು, ಪರದೆ ನೋಡ್ತಾ ಕೈಗೆ ಬಂದಿದ್ದನ್ನ ನುಡಿಸುವುದು.

ನಮ್ಮ ಜನಪದ ಕಲಾವಿದರಿಗೆ ಮೂರನೆಯದು ಹುಟ್ಟಿನಿಂದ ಬಂದದ್ದು, ಆದರೆ ಎರಡನೆಯದು ಸ್ವಲ್ಪ ಬೆರೆಸಬೇಕು. ನಾವು ಮಾಡಿದ್ದು ಇಷ್ಟೇ: ಎಲ್ಲರೂ ಕೂತು ಚಿತ್ರವನ್ನ ನಾಲ್ಕು ಸಲ ನೋಡಿದೆವು. ಮೊದಲ ಸಲ ಬಾರಿಸದೆ. ಆಮೇಲೆ ಚಿತ್ರವನ್ನ ತುಂಡು ಮಾಡಿದೆವು, ಬೆಣ್ಣೆ ಕದಿಯುವುದು, ಯಮುನೆಗೆ ಹಾರುವುದು, ದಡದಲ್ಲಿ ಜನ ಗೋಳಾಡುವುದು, ನೀರೊಳಗೆ ಹಾವಿನ ಜೊತೆ ಕಾದಾಟ, ಮೇಲೆ ಬರುವುದು. ಒಂದೊಂದು ತುಂಡಿಗೂ ಒಂದು ಗುರುತು. ಕಾಕಾ ಗಡಿಯಾರ ನೋಡಲ್ಲ, ಕೃಷ್ಣ ಕೈ ಎತ್ತಿದ ತಕ್ಷಣ ಮುಕ್ತಾಯ ಹೊಡೆಯುತ್ತಾರೆ. ಎಷ್ಟು ಹೊತ್ತು ಬಾರಿಸಬೇಕು ಅಂತ ನೆನಪಿಡಬೇಕಿಲ್ಲ, ಯಾವಾಗ ನಿಲ್ಲಿಸಬೇಕು ಅಂತ ನೆನಪಿದ್ದರೆ ಸಾಕು.

ಕಷ್ಟ ಆಗಿದ್ದು ಇನ್ನೊಂದು. ಕೃಷ್ಣ ನೀರಿಗೆ ಹಾರಿದ ಮೇಲೆ ಎಲ್ಲರೂ ಜೋರು ಹೊಡೆಯುತ್ತಿದ್ದರು. ಒಬ್ಬ ಹುಡುಗ 'ಅಲ್ಲಿ ಎಲ್ಲಾರೂ ಸುಮ್ನಿದ್ರ ಹೆಂಗ?' ಅಂದ. ಮಾಡಿ ನೋಡಿದೆವು. ಏಳೆಂಟು ಸೆಕೆಂಡು ಏನೂ ಇಲ್ಲ. ಆ ನೀರು ಎಷ್ಟು ಆಳ ಅಂತ ಆಗ ಗೊತ್ತಾಯಿತು. ಈ ಕೆಲಸದಲ್ಲಿ ಕೈ ನಿಲ್ಲಿಸುವುದೂ ಒಂದು ಪೆಟ್ಟು.

ಆ ವಿಡಿಯೋದ ಹೆಣ್ಣುಮಗಳು

ವಾಟ್ಸಾಪ್‌ನಲ್ಲಿ ಬಂದ ವಿಡಿಯೋಗೆ ಈಗ ಬರುತ್ತೇನೆ. ಆಕೆ ತಾನ್ಯಾ ತಗಾಕ್, ಕೆನಡಾದ ಉತ್ತರ ತುದಿಯ ಇನ್ಯುಯಿಟ್ ಜನಾಂಗದವರು. ಮೈಮೇಲೆ ಏನೂ ಬಂದಿಲ್ಲ. ಅದು ಗಂಟಲ ಹಾಡು, ಅವರ ಹಳೆಯ ಪದ್ಧತಿ. ಇಬ್ಬರು ಹೆಂಗಸರು ಎದುರಾಬದುರು ನಿಂತು ಉಸಿರನ್ನೇ ತಾಳ ಮಾಡಿ ಹಾಡುವ ಆಟ, ಮೊದಲು ನಕ್ಕವರು ಸೋತರು. ತಗಾಕ್ ಅದನ್ನ ಒಬ್ಬರೇ ಹಾಡುತ್ತಾರೆ.

ಹಿಂದೆ ಓಡುತ್ತಿರುವ ಚಿತ್ರ 'ನನೂಕ್ ಆಫ್ ದ ನಾರ್ತ್'. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದವರು ಇನ್ಯುಯಿಟ್ ಜನರ ಬದುಕು ಅಂತ ತೋರಿಸಿದ್ದು. ಚಿತ್ರ ಲೋಕಪ್ರಸಿದ್ಧ. ಆದರೆ ಅದರಲ್ಲಿ ಎಷ್ಟೋ ದೃಶ್ಯ ಹೇಳಿ ಮಾಡಿಸಿದ್ದು. ನನೂಕ್ ಅನ್ನೋದೇ ಆತನ ಹೆಸರಲ್ಲ, ಆತ ಅಲ್ಲಕರಿಯಲ್ಲಕ್. ಒಂದು ಕಡೆ ಆತ ಗ್ರಾಮಫೋನ್ ಪ್ಲೇಟನ್ನ ಏನೋ ಅಂತ ಕಚ್ಚಿ ನೋಡುತ್ತಾನೆ, ನೋಡುವವರಿಗೆ ನಗು. ಅದೂ ಹೇಳಿ ಮಾಡಿಸಿದ್ದೇ. ಮಂಜಿನ ಮನೆಯೊಳಗೆ ಬೆಳಕು ಸಾಲದು ಅಂತ ಅರ್ಧ ಮನೆ ಮಾತ್ರ ಕಟ್ಟಿ ಚಿತ್ರ ತೆಗೆದಿದ್ದರು.

2012ರಲ್ಲಿ ಟೊರಾಂಟೋ ಚಿತ್ರೋತ್ಸವದವರು ಇದೇ ಚಿತ್ರಕ್ಕೆ ತಗಾಕ್ ಅವರಿಂದ ಹಾಡಿಸಿದರು. ಇಲ್ಲಿ ಹಾಡು ಚಿತ್ರಕ್ಕೆ ಅಲಂಕಾರವಾಗಿ ಬರುವುದಿಲ್ಲ, ಚಿತ್ರದ ಜೊತೆ ಮಾತಿಗೆ ನಿಲ್ಲುತ್ತದೆ. ಜನ ನಗುತ್ತಿದ್ದ ಜಾಗದಲ್ಲಿ ಆಕೆ ಬೇರೆಯೇ ಸ್ವರ ತೆಗೆದರೆ ನಗು ಬರಲ್ಲ. ರೀಲು ಒಂದು ಫ್ರೇಮೂ ಬದಲಾಗಿಲ್ಲ, ಆದರೂ ಕಥೆ ಹೇಳುವವರು ಬದಲಾದರು. ಮೇಲೆ ಹೇಳಿದ ಬಾಗಿಲಿನ ಉದಾಹರಣೆ ನೆನಪಿದೆಯಲ್ಲ, ಅದೇ ಸೂತ್ರ, ಆದರೆ ಇಲ್ಲಿ ಬಾಗಿಲು ತೆರೆದು ಬಂದವರು ಆಕೆಯ ಜನ.

ಇದಕ್ಕಿಂತ ಹಳೆಯ ಇನ್ನೊಂದು ಕಥೆ ಇದೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕ್ವಾಕ್ವಕ್ಯವಾಕ್ವ್ ಅಂತ ಒಂದು ಮೂಲನಿವಾಸಿ ಜನಾಂಗ. (ನಾನೂ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದೆ.) 1914ರಲ್ಲಿ ಎಡ್ವರ್ಡ್ ಕರ್ಟಿಸ್ ಎಂಬ ಫೋಟೋಗ್ರಾಫರ್ ಪೂರ್ತಿ ಅವರನ್ನೇ ಪಾತ್ರಧಾರಿಗಳಾಗಿ ಇಟ್ಟುಕೊಂಡು 'ಇನ್ ದ ಲ್ಯಾಂಡ್ ಆಫ್ ದ ಹೆಡ್ ಹಂಟರ್ಸ್' ತೆಗೆದರು. ವಿಚಿತ್ರ ಏನಂದರೆ, 1885ರಿಂದ 1951ರವರೆಗೆ ಆ ಜನರ ಪಾಟ್ಲಾಚ್ ಎಂಬ ಹಾಡು-ಕುಣಿತದ ಸಮಾರಂಭಕ್ಕೆ ಕೆನಡಾ ಸರ್ಕಾರದ ನಿಷೇಧ ಇತ್ತು. ಊರಲ್ಲಿ ಕುಣಿದರೆ ಅಪರಾಧ, ಸಿನಿಮಾಕ್ಕೆ ಅಂತ ಕುಣಿದರೆ ಪರವಾಗಿಲ್ಲ! ಆಗ ಆ ಚಿತ್ರಕ್ಕೆ ಸಂಗೀತ ಬರೆದಿದ್ದು ಜಾನ್ ಬ್ರಹಾಂ ಎಂಬ ಹೊರಗಿನವರು, ಪಾಶ್ಚಾತ್ಯ ವಾದ್ಯಗೋಷ್ಠಿಗೆ. ಚಿತ್ರ ಓಡಲಿಲ್ಲ, ಮರೆತೇ ಹೋಯಿತು. 1973ರಲ್ಲಿ ಬೇರೆ ಹೆಸರಲ್ಲಿ ಮತ್ತೆ ಹೊರಬಂದಾಗ ಅದೇ ಜನಾಂಗದವರು ಅದಕ್ಕೆ ತಮ್ಮ ಹಾಡು, ಮಾತು ಸೇರಿಸಿದ್ದರು. 2008ರಲ್ಲಿ ಚಿತ್ರವನ್ನ ಸರಿಪಡಿಸಿ ತೋರಿಸಿದಾಗ ಹಳೆಯ ವಾದ್ಯಗೋಷ್ಠಿಯೂ ಇತ್ತು, ಅದೇ ಜನಾಂಗದ ಗ್ವಾವೀನಾ ನೃತ್ಯ ತಂಡವೂ ಇತ್ತು.

ಯಾವ ವಾದ್ಯ, ಯಾವ ಹಾಡು?

ನಮ್ಮ ಕಡೆ ವಾದ್ಯಕ್ಕೇನು ಕಮ್ಮಿ ಇಲ್ಲ. ಕರಡಿ ಮಜಲು, ಹಲಗೆ, ಡೊಳ್ಳು, ಚೌಡಿಕೆ, ಏಕತಾರಿ, ಶಹನಾಯಿ. ಬಳ್ಳಾರಿ ಕಡೆ ಬುರ್ರಕಥೆ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮನವರು ಎಷ್ಟೋ ಕಥೆಗಳನ್ನ ಬರೀ ನೆನಪಿನಿಂದಲೇ ಹಾಡುತ್ತಿದ್ದವರು. ರಾಯಚೂರು ಕಡೆ ಮೊಹರಮ್ಮಿನ ಪದಗಳು, ದಾಸರ ಹಾಡು.

ಆದರೆ ಎಲ್ಲವೂ ಎಲ್ಲದಕ್ಕೂ ಹೊಂದಲ್ಲ. ಕರಡಿ ಮಜಲು ಬಯಲಿಗೆ ಹುಟ್ಟಿದ್ದು, ಅರ್ಧ ಮೈಲಿ ದೂರಕ್ಕೆ ಕೇಳಬೇಕು ಅಂತಲೇ ಅದರ ದನಿ. ಸಣ್ಣ ಹಾಲಿನಲ್ಲಿ ಬಾರಿಸಿದರೆ ಚಿತ್ರ ನೋಡೋದು ಬಿಟ್ಟು ಕಿವಿ ಮುಚ್ಚಿಕೊಳ್ಳಬೇಕು. ಅದನ್ನ ಮೆರವಣಿಗೆ, ಯುದ್ಧಕ್ಕೆ ಇಟ್ಟುಕೊಂಡು, ಮನೆಯೊಳಗಿನ ದೃಶ್ಯಕ್ಕೆ ಏಕತಾರಿ ಸಾಕು. ಇನ್ನು ಹಾಡಿನ ಮಾತು ತುಂಬಾ ಇದ್ದರೆ ಜನ ಹಾಡು ಕೇಳ್ತಾರೆ, ಚಿತ್ರ ಮರೀತಾರೆ. ನಾಲ್ಕು ಸಾಲು ಹಾಡಿ, ಆಮೇಲೆ ಬರೀ ಧಾಟಿಯಲ್ಲಿ ಎಳೆಯುವುದು ಹೊಂದುತ್ತದೆ ಅಂತ ನಮ್ಮ ಅನುಭವ.

ಇನ್ನೊಂದು, ಕೇಳದೆ ಬಳಸಬಾರದ ಹಾಡುಗಳಿವೆ. ಚೌಡಿಕೆ ಪದ ಎಲ್ಲಮ್ಮನದು, ಹುಲಿಗೆಮ್ಮನದು. ಅದನ್ನ ಸಿನಿಮಾದ ಮುಂದೆ ಹಾಡಬಹುದಾ ಅನ್ನೋದು ಹಾಡುವವರು ಹೇಳಬೇಕಾದ ಮಾತು, ಕಾರ್ಯಕ್ರಮ ಮಾಡುವವರದಲ್ಲ. ನಮಗೆ ಒಬ್ಬ ತಾಯಿ 'ಧಾಟಿ ತಗೋರಿ, ಪದ ಬ್ಯಾಡ' ಅಂದರು. ಹಾಗೇ ಮಾಡಿದೆವು. ಕ್ವಾಕ್ವಕ್ಯವಾಕ್ವ್ ಜನರಲ್ಲೂ ಒಂದೊಂದು ಹಾಡು, ಕುಣಿತ ಒಂದೊಂದು ಮನೆತನದ ಆಸ್ತಿ. ಆ ಮನೆಯವರ ಒಪ್ಪಿಗೆ ಇಲ್ಲದೆ ಬೇರೆಯವರು ಹಾಡುವಂತಿಲ್ಲ.

ಚಿತ್ರ ಎಲ್ಲಿ ಸಿಗುತ್ತೆ, ಅನುಮತಿ ಬೇಕಾ?

ನಮ್ಮ ದೇಶದಲ್ಲಿ 1,300ಕ್ಕೂ ಜಾಸ್ತಿ ಮೂಕಿ ಚಿತ್ರ ತಯಾರಾದವು. ಉಳಿದಿರುವುದು ಸುಮಾರು ಮೂವತ್ತು, ಅದರಲ್ಲೂ ಹಲವು ಬರೀ ತುಂಡುಗಳು. ಆಗಿನ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುತ್ತೆ, ಇಟ್ಟಲ್ಲೇ ಕೊಳೆಯುತ್ತೆ. ಉಳಿದಿದ್ದನ್ನ ಕಾಪಾಡುತ್ತಿರುವುದು ಮುಖ್ಯವಾಗಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ.

ಭಾರತದ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾಗಿ 60 ವರ್ಷಕ್ಕೆ ಮುಗಿಯುತ್ತದೆ. ಆ ಲೆಕ್ಕದಲ್ಲಿ ಫಾಲ್ಕೆ ಚಿತ್ರಗಳ ಹಕ್ಕು ಮುಗಿದು ಎಷ್ಟೋ ಕಾಲ ಆಯಿತು. ಆದರೆ ಯೂಟ್ಯೂಬ್ ಪ್ರತಿಗೆ ಈಗಿನವರು ಸೇರಿಸಿದ ಸಂಗೀತ ಇದ್ದರೆ ಅದರ ಹಕ್ಕು ಬೇರೆ. 1929ರ 'ಎ ಥ್ರೋ ಆಫ್ ಡೈಸ್' ಚಿತ್ರಕ್ಕೆ ನಿತಿನ್ ಸಾಹ್ನಿ, 1928ರ 'ಶಿರಾಜ್'ಗೆ ಅನುಷ್ಕಾ ಶಂಕರ್ ಈ ಶತಮಾನದಲ್ಲಿ ಹೊಸ ಸಂಗೀತ ಮಾಡಿದ್ದಾರೆ. ಚಿತ್ರ ಹಳೆಯದು, ಸಂಗೀತ ಹೊಸದು. ಸುಮ್ನೆ ಹಾಕೋ ಹಾಗಿಲ್ಲ.

ದುಡ್ಡಿನ ವಿಷಯ ಕೇಳಿದವರಿಗೆ ಉತ್ತರ ಇಲ್ಲೇ ಇದೆ. ಮುಕ್ಕಾಲು ಗಂಟೆಯ ಆಟಕ್ಕೆ ನಮ್ಮ ಕಲಾವಿದರು ಆರು ಸಂಜೆ ಕೂತಿದ್ದಾರೆ. ಸಂಭಾವನೆ ಆರು ಸಂಜೆಯದು.

ಎಲ್ಲಿ ಕೂರಬೇಕು?

ಇದೂ ಒಬ್ಬರು ಕೇಳಿದ್ದರು, ಒಳ್ಳೆಯ ಪ್ರಶ್ನೆ. ನಟ್ಟನಡುವೆ ಬೇಡ. ಕಲಾವಿದರು ಪರದೆಯ ಎಡಕ್ಕೆ, ಓರೆಯಾಗಿ ಕೂರುತ್ತಾರೆ, ಚಿತ್ರ ಅವರಿಗೂ ಕಾಣಬೇಕಲ್ಲ. ನೀವು ಬಲಗಡೆ, ಸ್ವಲ್ಪ ಮುಂದೆ ಕೂತರೆ ಚಿತ್ರದ ಜೊತೆಗೆ ಕಾಕಾನ ಮುಖವೂ ಕಾಣುತ್ತದೆ. ಕೃಷ್ಣ ನೀರಿಗೆ ಹಾರುವ ಹೊತ್ತಿಗೆ ಪರದೆ ಬಿಟ್ಟು ಅವರ ಕೈ ನೋಡಿ. ಕೂಸುಗಳನ್ನ ಮುಂದೆ ಕೂರಿಸಬಹುದು, ಆದರೆ ಹಲಗೆಯ ಪಕ್ಕ ಬೇಡ. ಏಳೂವರೆಗೆ ಶುರು, ಕತ್ತಲಾಗದೆ ಪರದೆ ಮೇಲೆ ಏನೂ ಕಾಣಲ್ಲ. ಗಣಪತಿ ಸ್ತುತಿ ಏಳೂಕಾಲಿಗೆ, ಪ್ರೊಜೆಕ್ಟರ್ ಹಚ್ಚುವ ಮುಂಚೆ.